ಅಪ್ಪ ತಡವರಿಸದೆ ಹೇಳಿದ ದಿನ

ಜೈಲು, ಮೈಸೂರು
9 ಜೂನ್ 2024

ಅಕ್ಕ ಯಶೋಧರಾಳಿಗೆ, ತಮ್ಮ ಚೇತನ್‌ಕುಮಾರ್ ಬರೆಯುವುದು.

ಇಲ್ಲಿ ವಾರಕ್ಕೆ ಐದು ನಿಮಿಷ ಫೋನು ಸಿಗುವುದೇ ಹೆಚ್ಚು. ಅದರಲ್ಲೂ ನೀನು ‘ಹೊಲಕ್ಕೆ ಹೋಗ್ಬೇಕು ಕಣೋ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಹಿಡಿದೆ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ನಿನಗೆ ಬರುವುದಿಲ್ಲ.

ಕಳೆದ ವಾರ ಚೆಲುವಯ್ಯ ಮಾವ ನನ್ನನ್ನು ನೋಡಲು ಬಂದಿದ್ದರು. ನೀನು ಅಪ್ಪನ ಕೊರಳಿಗೆ ಮೊಬೈಲು ಕಟ್ಟಿ ತಿರುಗಿಸುತ್ತಿದ್ದೀಯಂತೆ. ನಾಯಿಗೆ ಪಟ್ಟಿ ಕಟ್ಟಿದ ಹಾಗೆ ಕಾಣುತ್ತದೆಯಂತೆ. ಏನಕ್ಕ ಇದು? ಹಾರನಹಳ್ಳಿ ಸುತ್ತಮುತ್ತ ಹೊಗೆಸೊಪ್ಪು ಬೇಯಿಸುವುದಕ್ಕೆ ಚಿಕ್ಕಬೀರಯ್ಯನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎನ್ನುತ್ತಿದ್ದರು. ಸೊಪ್ಪು ಬೇಯಿಸುವ ಮನೆ, ಆ ಬ್ಯಾರನ್ನಿನ ಗೋಡೆಗೆ ಅಂಗೈ ಇಟ್ಟು ಒಳಗಿನ ಶಾಖ ಹೇಳುತ್ತಿದ್ದ ಮನುಷ್ಯ ನಮ್ಮಪ್ಪ. ಅರವತ್ತೆಂಟಕ್ಕೆ ಒಂದಿಷ್ಟು ಮರೆವು ಯಾರಿಗೆ ಬರುವುದಿಲ್ಲ? ಅಷ್ಟಕ್ಕೇ ಅವನನ್ನು ಊರ ಮುಂದೆ ನಗೆಪಾಟಲು ಮಾಡುತ್ತೀಯಾ?

ಇನ್ನೊಂದು ವಿಷಯ. ಮೂವತ್ತು ದಿನದ ಪೆರೋಲಿಗೆ ಅರ್ಜಿ ಹಾಕಿದ್ದೇನೆ. ಅಪ್ಪನ ಕಾಯಿಲೆಯನ್ನೇ ಕಾರಣ ಕೊಟ್ಟಿದ್ದೇನೆ. ನಾನು ಬಂದು ಆ ಮನೆಯಲ್ಲಿರಲು ಒಪ್ಪಿಗೆ ಇದೆ ಎಂದು ಮನೆಯವರು ಸಹಿ ಹಾಕಬೇಕು. ಅಪ್ಪನ ಸಹಿ ಇನ್ನು ನಡೆಯುವುದಿಲ್ಲವಂತೆ, ನಿನ್ನದೇ ಬೇಕು. ಪೊಲೀಸರು ಫಾರಂ ತಂದಾಗ ತಕರಾರು ತೆಗೆಯದೆ ಹಾಕು. ಮೂರು ವರ್ಷವಾಯಿತು ಅಪ್ಪನ ಮುಖ ನೋಡಿ.

ಚೇತು


ಹಾರನಹಳ್ಳಿ
23 ಜೂನ್ 2024

ಚೇತು,

ನಾಯಿಪಟ್ಟಿ ಎಂದು ಬರೆಯಲು ನಿನಗೇನು, ಕೂತಲ್ಲಿಗೆ ಊಟ ಬರುತ್ತದೆ.

ಅಪ್ಪನ ತಾಯಿ, ನಮ್ಮಜ್ಜಿ, ಅರಳು ಮರಳಾಗಿ ಸತ್ತದ್ದು ನಿನಗೆ ನೆನಪಿರಬೇಕು. ಅಂಥ ಮನೆಗಳನ್ನೇ ಹುಡುಕಿಕೊಂಡು ಕೆ.ಆರ್. ನಗರದಿಂದ ಲಕ್ಷ್ಮಿದೇವಿ ಎಂಬ ಕಾರ್ಯಕರ್ತೆ ಬರುತ್ತಾಳೆ. ಮರೆವಿನ ರೋಗವನ್ನು ಬೇಗ ಹಿಡಿಯುವ ತಪಾಸಣೆಯಂತೆ. ಫೋನು ಅವರೇ ಕೊಟ್ಟದ್ದು. ಅಪ್ಪ ಎಷ್ಟು ಹೆಜ್ಜೆ ನಡೆದ, ಎಷ್ಟು ಹೊತ್ತು ಮಲಗಿದ, ಗಾಜಿನ ಮೇಲಿನ ಚುಕ್ಕಿಯನ್ನು ಎಷ್ಟು ಬೇಗ ಮುಟ್ಟಿದ, ಎಲ್ಲವನ್ನೂ ಅದು ನೋಡಿಕೊಳ್ಳುತ್ತದೆ. ಜೇಬಿನಲ್ಲಿಟ್ಟರೆ ತೆಗೆದು ಸೌದೆ ರಾಶಿಯಲ್ಲಿ ಬಚ್ಚಿಡುತ್ತಾನೆ. ಅದಕ್ಕೆ ಕೊರಳಿಗೆ ಹಾಕಿದೆ.

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅದರೊಳಗಿಂದ ಒಬ್ಬ ಹೆಂಗಸು ಕೇಳುತ್ತಾಳೆ: ‘ನಮಸ್ಕಾರ ಚಿಕ್ಕಬೀರಯ್ಯನವರೇ. ನಿನ್ನೆ ಏನು ಮಾಡಿದಿರಿ? ಹಳೆಯ ದಿನಗಳ ಒಂದು ನೆನಪು ಹೇಳಿ.’ ಎರಡು ನಿಮಿಷ ಮಾತಾಡಬೇಕು. ಗುಂಡಿ ಒತ್ತಿ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ಅಪ್ಪ ಪಂಚೆ ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾನೆ. “ಏನವ್ವ, ಚೆನ್ನಾಗಿದ್ದೀಯಾ? ನಿಂದು ಊಟ ಆಯ್ತಾ? ಈ ಯಮ್ಮ ನಂಗೆ ಇಟ್ಟೇ ಇಲ್ಲ ಕಣವ್ವ” ಎಂದು ನನ್ನ ಮೇಲೆ ಚಾಡಿ ಹೇಳುತ್ತಾನೆ. ನಮ್ಮವ್ವನನ್ನು ಒಂದು ದಿನ ಊಟ ಆಯ್ತಾ ಎಂದು ಕೇಳಿದವನಲ್ಲ. ಫೋನಿನ ಹೆಂಗಸಿಗೆ ದಿನಾ ಕೇಳುತ್ತಾನೆ.

ಮಾತು ಮುಗಿದ ಮೇಲೆ ಒಂದು ಬಣ್ಣ ಬರುತ್ತದೆ. ಹಸಿರಾದರೆ ಚೆನ್ನಾಗಿದ್ದಾನೆ, ಹಳದಿಯಾದರೆ ಎಚ್ಚರ, ಕೆಂಪಾದರೆ ಡಾಕ್ಟರು. ಇವನದು ಹಳದಿಯಲ್ಲಿ ಕೂತಿದೆ.

ಸಹಿ ಹಾಕುತ್ತೇನೆ, ಬಾ. ಎರಡು ತಿಂಗಳಿಗೆಂದು ಎಚ್.ಡಿ. ಕೋಟೆಯಿಂದ ಬಂದವಳು ನಾನು, ಎರಡು ವರ್ಷವಾಯಿತು. ನಿಮ್ಮ ಭಾವ ನಂಜುಂಡಸ್ವಾಮಿ ಈಗ ಅನ್ನ ಮಾಡುವುದನ್ನು ಕಲಿತಿದ್ದಾರೆ. ಮಗಳು ರೂಪಶ್ರೀ ಈ ಸಲ ಹತ್ತನೇ ಕ್ಲಾಸು. ನೀನು ಬಂದರೆ ಮೂವತ್ತು ದಿನವಾದರೂ ನನ್ನ ಮನೆಯಲ್ಲಿರುತ್ತೇನೆ.

ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಬಲಗೈ ಬೆರಳು ಬಾಗಿಲಿಗೆ ಸಿಕ್ಕಿತು, ಎಡಗೈಯಲ್ಲಿ ಬರೆದೆ.

ಯಶೋಧರಾ


ಜೈಲು, ಮೈಸೂರು
7 ಜುಲೈ 2024

ಯಶೋಧರಾ,

ಮೊನ್ನೆ ಫೋನು ಅಪ್ಪ ಎತ್ತಿದ. ಏನಂದ ಗೊತ್ತಾ? “ನನ್ನ ಒಡೀತಾರೆ ಕಣ್ಲಾ ಮಗ. ಬಂದು ಕರ್ಕೊಂಡೋಗ್ಲಾ” ಎಂದು ಅತ್ತ. ನಮ್ಮಪ್ಪ ಅತ್ತದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು. ಹಿಂದಿನಿಂದ ನೀನು ಕಿರುಚುವುದು ಕೇಳಿಸಿತು. ಆಮೇಲೆ ಲೈನ್ ಹೋಯಿತು. ಆ ದಿನ ಇಲ್ಲಿ ತಟ್ಟೆ ಎಸೆದೆ. ಎರಡು ದಿನ ಒಬ್ಬನನ್ನೇ ಕೂಡಿಹಾಕಿದರು.

ಅಪ್ಪನ ಮೇಲೆ ಕೈ ಮಾಡಿದ್ದೀಯಾ? ನಿಜ ಹೇಳು. ಮಾಡಿದ್ದರೆ ನೀನು ಅಕ್ಕ ಎಂದು ನೋಡುವುದಿಲ್ಲ. ಒಬ್ಬನ ತಲೆಯನ್ನು ಹಾರೆಯಿಂದ ಒಡೆದು ಇಲ್ಲಿಗೆ ಬಂದವನು ನಾನು. ಆ ಕೈ ಇನ್ನೂ ಹಾಗೇ ಇದೆ. ಅವನು ನನ್ನ ಮೇಲೆ ಒಂದು ದಿನ, ಒಂದೇ ಒಂದು ದಿನ ಕೈ ಎತ್ತಲಿಲ್ಲ. ನಿನಗೆ ಅವನ ಮೇಲೆ ಹಳೆಯ ಸಿಟ್ಟಿದೆ. ಈಗ ಅವನು ಕೈಲಾಗದವನಾದ ಎಂದು ತೀರಿಸಿಕೊಳ್ಳುತ್ತಿದ್ದೀಯ.

ಫಾರಂ ಬಂತಾ?

ಚೇತನ್


ಹಾರನಹಳ್ಳಿ
20 ಜುಲೈ 2024

ಚೇತನ್‌ಕುಮಾರ್ ಅವರಿಗೆ,

ಕೊಲ್ಲುತ್ತೇನೆ ಎಂದು ಬರೆದವನನ್ನು ಚೇತು ಎಂದು ಕರೆಯಲು ಬಾಯಿ ಬರಲಿಲ್ಲ.

ನನ್ನ ಬೆರಳು ಬಾಗಿಲಿಗೆ ಸಿಕ್ಕಿದ್ದಲ್ಲ. ಅಪ್ಪ ಹಿಡಿದು ಹಿಂದಕ್ಕೆ ಮಡಚಿದ. ಕಡ್ಡಿ ಮುರಿದ ಸದ್ದೇ ಬಂತು. ನಾನು ಸೌದೆ ಕದ್ದಿದ್ದೇನೆ ಎಂದು ಅವನಿಗೆ ಅನುಮಾನ. ನೀನು ಫೋನಿನಲ್ಲಿ ಕೇಳಿಸಿಕೊಂಡ ಕಿರುಚಾಟವೂ ಹಾಗೆಯೇ. ಅವನ ಒಂದು ಕೈಯಲ್ಲಿ ಫೋನಿತ್ತು, ಇನ್ನೊಂದು ಕೈಯಲ್ಲಿ ನನ್ನ ಜಡೆ ಇತ್ತು. ಅಳುತ್ತಲೇ ನನ್ನನ್ನು ಬ್ಯಾರನ್ನಿನ ಒಲೆ ಬಾಯಿಯ ತನಕ ಎಳೆದುಕೊಂಡು ಹೋದ. “ಬೆಂಕಿ ಆರುಸ್ಬುಟ್ಟಲ್ಲೇ ಮುಂಡೆ, ಸೊಪ್ಪೆಲ್ಲ ಕರ್ರಗಾಯ್ತಲ್ಲೇ ಚಾಮುಂಡಿ” ಎಂದು ಬೆನ್ನಿಗೆ ಒದ್ದ. ಚಾಮುಂಡಿ ಎಂದರೆ ನಾನು. ಅವನ ಕಣ್ಣಿಗೆ ನಾನು ಈಗ ನಮ್ಮವ್ವ ಚಾಮುಂಡಮ್ಮ. ಬ್ಯಾರನ್ನಿಗೆ ಬೆಂಕಿ ಹಾಕದೆ ಮೂರು ವರ್ಷವಾಯಿತು, ಅದು ಅವನಿಗೆ ತಿಳಿಯುವುದಿಲ್ಲ.

ಇನ್ನೊಂದು ಹೇಳುತ್ತೇನೆ, ನಗು ಬಂದರೆ ನಗು. ಹೋದ ತಿಂಗಳು ಒಂದು ದಿನ ನೊಗದ ಗೂಟ ಹಿಡಿದು ನನ್ನನ್ನು ಅಂಗಳದ ಸುತ್ತ, ಹಿತ್ತಲ ಸುತ್ತ ಅಟ್ಟಾಡಿಸಿದ. ಫೋನು ಕೊರಳಲ್ಲೇ ಇತ್ತು. ನಾಲ್ಕು ಸಾವಿರ ಹೆಜ್ಜೆ ಬಂತು, ನಡಿಗೆಗೆ ಹಸಿರು ಬಣ್ಣ. ಲಕ್ಷ್ಮಿದೇವಿ ಬಂದು ನೋಡಿ, “ಪರವಾಗಿಲ್ಲ ಕಣಕ್ಕ, ಚೆನ್ನಾಗಿ ವಾಕಿಂಗ್ ಮಾಡವ್ರೆ” ಎಂದಳು. ನಾನು ಸೆರಗು ಹೊದ್ದು ಮೊಣಕೈ ಮುಚ್ಚಿಕೊಂಡು, ಹೂಂ ಎಂದೆ. ಅವಳಿಗೆ ಹೇಳಿದರೆ ಊರಿಗೆ ಹೇಳಿದಂತೆ. ಚಿಕ್ಕಬೀರಯ್ಯನಿಗೆ ಹುಚ್ಚು ಎಂದು ರೂಪಶ್ರೀಯ ಶಾಲೆಯ ತನಕ ಹೋಗುತ್ತದೆ. ನನಗೆ ಆ ಭಯ.

ನಾನು ಅವನನ್ನು ಹೊಡೆದಿಲ್ಲ. ಇವತ್ತಿನ ತನಕ ಹೊಡೆದಿಲ್ಲ.

ಅವನ ಏಟು ಬೀಳುವ ಜಾಗ ನನಗೆ ಗೊತ್ತು. ಚಿಕ್ಕವಳಿದ್ದಾಗ ಅವ್ವನಿಗೆ ಎಣ್ಣೆ ಹಚ್ಚುವಾಗ ಬಾವು ಇರುತ್ತಿದ್ದದ್ದು ಇಲ್ಲೇ, ಪಕ್ಕೆಯ ಕೆಳಗೆ. ಅದಕ್ಕೇ ಒಂದು ವಿಷಯ ತಲೆ ತಿನ್ನುತ್ತಿದೆ. ಹನ್ನೆರಡು ವರ್ಷದ ಹಿಂದೆ ಅವ್ವ ಸತ್ತಾಗ ನಾನು ಕೋಟೆಯಿಂದ ಬರುವಷ್ಟರಲ್ಲಿ ನೀವು ಅವಳಿಗೆ ನೀರು ಹಾಕಿ ಮಲಗಿಸಿದ್ದಿರಿ. ಸೊಪ್ಪು ಇಳಿಸುವಾಗ ಬ್ಯಾರನ್ನಿನ ಮೇಲಿಂದ ಬಿದ್ದಳು ಎಂದಿರಿ. ಒಳಗೆ ಏಣಿ ನಿಂತಿತ್ತು, ನೋಡಿದೆ, ನಂಬಿದೆ. ಆದರೆ ನಮ್ಮ ಕಡೆ ಹೆಂಗಸರು ಬ್ಯಾರನ್ ಹತ್ತುತ್ತಾರಾ? ಗಂಡಸರು ಅಡ್ಡಗಳುವಿಗೆ ಕಾಲಿಟ್ಟು ಮೇಲೆ ಹೋಗುತ್ತಾರೆ, ಹೆಂಗಸರು ಕೆಳಗೆ ನಿಂತು ಸೊಪ್ಪು ಇಸಿದುಕೊಳ್ಳುತ್ತಾರೆ. ಅವ್ವ ಯಾಕೆ ಹತ್ತಿದಳು?

ಯಶೋಧರಾ


ಜೈಲು, ಮೈಸೂರು
4 ಆಗಸ್ಟ್ 2024

ಅಕ್ಕ,

ಬೆರಳಿನ ವಿಷಯ ಓದಿ ಬೇಜಾರಾಯಿತು. ಬೈದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಪಿರಿಯಾಪಟ್ಟಣದಲ್ಲಿ ಡಾಕ್ಟರಿಗೆ ತೋರಿಸು. ಗೂಟ, ಕುಡುಗೋಲು, ಮಚ್ಚು ಎಲ್ಲ ಒಳಗಿಟ್ಟು ಬೀಗ ಹಾಕು. ಅವನು ರೇಗಿದಾಗ ಎದುರು ಮಾತಾಡಬೇಡ, ಸುಮ್ಮನೆ ಹೊರಗೆ ಹೋಗಿಬಿಡು. ಅವ್ವನೂ ಹಾಗೇ ಮಾಡುತ್ತಿದ್ದಳಲ್ಲ.

ಅವ್ವನ ವಿಷಯ ಈಗ ಯಾಕೆ? ಆ ದಿನ ಆಳು ಬಂದಿರಲಿಲ್ಲ. ನಾನು ಗೊಬ್ಬರ ತರಲು ಪಿರಿಯಾಪಟ್ಟಣಕ್ಕೆ ಹೋಗಿದ್ದೆ. ಅವ್ವ ತಾನೇ ಏಣಿ ಹಾಕಿ ಹತ್ತಿದಳು, ಜಾರಿದಳು. ನಾನು ಬರುವಷ್ಟರಲ್ಲಿ ಮುಗಿದಿತ್ತು. ಇಷ್ಟೇ. ಸತ್ತವರನ್ನು ಎಬ್ಬಿಸಿ ಕೂರಿಸಬೇಡ.

ಫಾರಂ ಠಾಣೆಗೆ ಬಂದಿದೆ ಎಂದು ಇಲ್ಲಿ ಹೇಳಿದರು. ಸಹಿ ಹಾಕಿದೆಯಾ?

ಚೇತು


ಹಾರನಹಳ್ಳಿ
6 ಸೆಪ್ಟೆಂಬರ್ 2024

ಚೇತನ್,

ನಿನ್ನ ನಾಲ್ಕು ಫೋನು ಬಂದವು. ನಾನು ಎತ್ತಲಿಲ್ಲ.

ಆಗಸ್ಟ್ 28, ಬುಧವಾರ. ಬೆಳಿಗ್ಗೆ ಏಳಕ್ಕೆ ಫೋನಿನ ಹೆಂಗಸು ಹಳೆಯ ನೆನಪು ಕೇಳಿದಳು. ಬೇರೆ ದಿನ ಅಪ್ಪ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಗೋಡೆ ನೋಡುತ್ತಾ ಕೂರುತ್ತಿದ್ದ. ಅವತ್ತು ನಿಲ್ಲಿಸಲೇ ಇಲ್ಲ. “ಬ್ಯಾರನ್ ಬಾಗ್ಲು ತೆಗ್ದೆ ಕಣವ್ವ. ಸೊಪ್ಪು ಕರ್ರಗಾಗಿತ್ತು. ಬೆಂಕಿ ನೋಡ್ಕೊಳ್ಳೇ ಅಂದ್ರೆ ಚಾಮುಂಡಿ ನೀರಿಗೋಗಿದ್ಲು. ಸಿಟ್ಟು ಬತ್ತು. ಸೌದೆ ತಕಂಡು ತಲೆ ಮ್ಯಾಲೆ ಒಂದು ಮಡುಗ್ದೆ. ಕೂತ್ಕೊಂಡ್ಲು. ಇನ್ನೊಂದು ಮಡುಗ್ದೆ. ಆಮ್ಯಾಕೆ ಏಳ್ನಿಲ್ಲ” ಎಂದ. ಸೊಪ್ಪು ಮಾರಿ ಬಂದವನ ಹಾಗೆ ಹೇಳಿದ. ಮುಗಿಸಿ, “ನಿಂದು ಊಟ ಆಯ್ತಾ?” ಎಂದು ಕೇಳಿದ.

ಫೋನಿಗೆ ಹಸಿರು ಬಣ್ಣ ಬಂತು. ‘ಇಂದಿನ ಮಾತು ತುಂಬಾ ಚೆನ್ನಾಗಿದೆ’ ಎಂದು ಬರೆದು ತೋರಿಸಿತು. ಆಮೇಲೊಂದು ದಿನ ಲಕ್ಷ್ಮಿದೇವಿಗೆ ಫೋನು ಮಾಡಿ ಕೇಳಿದೆ. ಅದು ಏನು ಹೇಳಿದರು ಎಂದು ನೋಡುವುದಿಲ್ಲವಂತೆ, ಎಲ್ಲಿ ತಡವರಿಸಿದರು ಎಂದು ಮಾತ್ರ ನೋಡುತ್ತದಂತೆ. ಮೂರು ತಿಂಗಳಲ್ಲಿ ಅಪ್ಪ ತಡವರಿಸದೆ ಹೇಳಿದ್ದು ಅದೊಂದೇ.

ಅವತ್ತು ಹಸಿರು ಬಂದ ಹೊತ್ತಿಗೇ ನಾನು ಅವನನ್ನು ಹೊಡೆದೆ. ನೀನು ಕೇಳಿದ್ದೆಯಲ್ಲ, ಈಗ ಹೇಳುತ್ತಿದ್ದೇನೆ. ಕೆನ್ನೆಗೆ ಹೊಡೆದೆ, ಕೆಳಗೆ ಬಿದ್ದ, ಬಿದ್ದವನನ್ನು ಒದ್ದೆ. ಅವ್ವನ ಬಾವು ಇರುತ್ತಿದ್ದ ಜಾಗ ನೋಡಿ ಒದ್ದೆ. ಒಂದು ಹಲ್ಲು ಅಂಗಳಕ್ಕೆ ಬಿತ್ತು. ಬಾಯಿಂದ ರಕ್ತ ಸುರಿಯುತ್ತಿತ್ತು. ನನ್ನ ಕಾಲು ಹಿಡಿದುಕೊಂಡು, “ಯಾರವ್ವ ನೀನು, ನಾನೇನ್ ಮಾಡ್ದೆ?” ಎಂದ. ಸೌದೆಯ ಕಡೆಗೆ ಕೈ ಹೋಗಿತ್ತು ಚೇತು. ಎತ್ತಿಯೂ ಆಗಿತ್ತು. ಯಾಕೆ ಇಳಿಸಿದೆನೋ ಗೊತ್ತಿಲ್ಲ.

ಮಾರನೇ ಬೆಳಿಗ್ಗೆ ಫೋನು ಕೇಳಿತು, ನಿನ್ನೆ ಏನು ಮಾಡಿದಿರಿ ಎಂದು. ಊದಿದ ಬಾಯಲ್ಲಿ ನಿಧಾನವಾಗಿ ಹೇಳಿದ: “ನನ್ ಮಗ್ಳು ಬಂದಿದ್ಲು ಕಣವ್ವ. ತಲೆಗೆ ಎಣ್ಣೆ ಒತ್ತಿದ್ಲು.” ಅವನಿಗೆ ತಾನು ಹೊಡೆದದ್ದು ನೆನಪಿದೆ, ನಾನು ಹೊಡೆದದ್ದು ನೆನಪಿಲ್ಲ. ಇಂಥವನಿಗೆ ಯಾವ ಶಿಕ್ಷೆ ಕೊಡಲಿ ಹೇಳು.

ಯಶೋಧರಾ


ಜೈಲು, ಮೈಸೂರು
15 ಸೆಪ್ಟೆಂಬರ್ 2024

ಯಶೋಧರಾ,

ನಿನ್ನ ಕೈ ಸೇದಿಹೋಗಲಿ. ಹಲ್ಲು ಉದುರುವ ಹಾಗೆ ಹೊಡೆದು, ಅದನ್ನು ಇಷ್ಟುದ್ದ ಬರೆದು ಕಳಿಸಿದ್ದೀಯಲ್ಲ, ನೀನೂ ಒಂದು ಹೆಣ್ಣಾ?

ಅವನಿಗೆ ಬುದ್ಧಿ ನೆಟ್ಟಗಿಲ್ಲ ಎಂದು ನೀನೇ ಹೇಳುತ್ತೀಯ. ನಿನ್ನನ್ನು ಅವ್ವ ಎನ್ನುತ್ತಾನೆ, ಆರಿದ ಒಲೆಯಲ್ಲಿ ಬೆಂಕಿ ನೋಡುತ್ತಾನೆ. ಅಂಥವನು ಅಂದದ್ದನ್ನು ಮಾತ್ರ ನಿಜ ಎನ್ನುತ್ತೀಯ. ಆ ಫೋನಿನಲ್ಲಿ ಉಳಿದಿರುವುದನ್ನೆಲ್ಲ ಅಳಿಸು. ಇವತ್ತೇ ಅಳಿಸು. ಅಳಿಸಲು ಬರದಿದ್ದರೆ ಒಲೆಗೆ ಹಾಕು. ಆ ಲಕ್ಷ್ಮಿದೇವಿ ಇನ್ನು ಹೊಸಿಲು ತುಳಿಯಕೂಡದು. ಇದು ಹೊರಗೆ ಹೋದರೆ ನಾನು ಬಂದ ದಿನ ಆ ಮನೆಯಲ್ಲಿ ಇನ್ನೊಂದು ಹೆಣ ಬೀಳುತ್ತದೆ. ಯಾರದು ಎಂದು ನೀನೇ ಯೋಚಿಸು.

ಸಹಿ ಹಾಕಿ ಫಾರಂ ಕಳಿಸು.

ಚೇತನ್‌ಕುಮಾರ್


ಹಾರನಹಳ್ಳಿ
22 ಸೆಪ್ಟೆಂಬರ್ 2024

ಚೇತನ್,

ಫಾರಂ ನನ್ನ ಹತ್ತಿರವೇ ಇದೆ. ಸಹಿ ಹಾಕಿಲ್ಲ.

ಅಳಿಸಿಲ್ಲ. ಅಳಿಸುವುದಿಲ್ಲ.

ಒಂದೇ ಮಾತು ಕೇಳುತ್ತೇನೆ. ಅವ್ವ ಸತ್ತ ದಿನ ನೀನು ಎಲ್ಲಿದ್ದೆ?

ಯಶೋಧರಾ


ಜೈಲು, ಮೈಸೂರು
13 ಅಕ್ಟೋಬರ್ 2024

ಅಕ್ಕ,

ಮೂರು ವಾರದಲ್ಲಿ ಐದು ಸಲ ಬರೆದು ಹರಿದೆ. ಇಷ್ಟು ದಿನ ನಮ್ಮ ಕಾಗದಗಳು ಒಬ್ಬ ವಾರ್ಡರನ ಕೈಯಲ್ಲಿ ಗುಟ್ಟಾಗಿ ಓಡಾಡಿದವು. ಈ ಕಾಗದವನ್ನು ಕಚೇರಿಗೇ ಕೊಡುತ್ತಿದ್ದೇನೆ, ಇಲ್ಲಿನವರು ಓದಿಯೇ ಕಳಿಸುತ್ತಾರೆ. ಓದಲಿ.

ನಾನು ಪಿರಿಯಾಪಟ್ಟಣಕ್ಕೆ ಹೋಗಿರಲಿಲ್ಲ. ಬ್ಯಾರನ್ನಿನ ಬಾಗಿಲಲ್ಲೇ ನಿಂತಿದ್ದೆ. ಮಧ್ಯಾಹ್ನ ಎರಡು ಗಂಟೆ ಇರಬಹುದು. ಅಪ್ಪ ಹೇಳಿದ್ದೆಲ್ಲ ನಿಜ, ಆದರೆ ಎರಡು ಏಟಲ್ಲ, ಮೂರು. ಮೊದಲನೇ ಏಟಿಗೆ ಅವ್ವ ನನ್ನ ಕಡೆ ತಿರುಗಿದಳು. “ಇಡ್ಕಳ್ಲಾ ಮಗ ಅವ್ನ” ಎಂದಳು. ನಾನು ಹಿಡಿದುಕೊಳ್ಳಲಿಲ್ಲ. ಹತ್ತೊಂಬತ್ತು ವರ್ಷ ನನಗೆ. ಅಪ್ಪನನ್ನು ಎತ್ತಿ ಎಸೆಯುವಷ್ಟು ಶಕ್ತಿ ಇತ್ತು. ಭಯ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಪ್ಪ ಅವ್ವನನ್ನು ಹೊಡೆಯುವಾಗ ನಡುವೆ ಹೋಗಬಾರದು ಎಂಬುದು ರೂಢಿಯಾಗಿತ್ತು. ಆ ಹೊತ್ತಿನಲ್ಲೂ ರೂಢಿಯಂತೆ ನಿಂತೆ.

ಅಪ್ಪ ಸೌದೆ ಒಲೆಗೆ ಹಾಕಿದ. “ಏಣಿ ತತ್ತಾ” ಎಂದ. ಹಿತ್ತಲಿಂದ ಏಣಿ ತಂದು ಬ್ಯಾರನ್ನಿನ ಒಳಗೆ ನಿಲ್ಲಿಸಿದವನು ನಾನು. ಅವ್ವನ ಕಾಲು ಹಿಡಿದು ಏಣಿಯ ಬುಡಕ್ಕೆ ಎಳೆದವನೂ ನಾನೇ. ಆಗ ಅವಳ ಉಸಿರು ಇತ್ತೋ ಇಲ್ಲವೋ ನಾನು ನೋಡಲಿಲ್ಲ. ನೋಡಬಾರದು ಎಂದೇ ನೋಡಲಿಲ್ಲ ಅಕ್ಕ. ಹನ್ನೆರಡು ವರ್ಷದಿಂದ ಅದೊಂದೇ ನನ್ನನ್ನು ಕೊಲ್ಲುತ್ತಿದೆ.

ಅಪ್ಪ ನನ್ನ ಮೇಲೆ ಕೈ ಎತ್ತಲಿಲ್ಲ ಎಂದು ಬರೆದಿದ್ದೆ. ಅದಕ್ಕೆ ಮೊದಲು ಬೇಕಾದಷ್ಟು ಸಲ ಎತ್ತಿದ್ದಾನೆ, ನಿನಗೂ ಗೊತ್ತು. ಆ ದಿನದಿಂದ ನಿಲ್ಲಿಸಿದ. ನಾನು ಅದನ್ನೇ ಪ್ರೀತಿ ಎಂದುಕೊಂಡೆ.

ನನ್ನ ಕೈಯಲ್ಲಿ ಸತ್ತ ಅಂಕಯ್ಯನ ವಿಷಯವೂ ಸುಳ್ಳು. ಬದುವಿನ ಜಗಳದಲ್ಲಿ ಹೊಡೆದೆ ಎಂದು ಕೋರ್ಟಿನಲ್ಲಿ ಹೇಳಿದೆ. ಅವತ್ತು ಕಂಪಲಾಪುರದ ಟೀ ಅಂಗಡಿ ಮುಂದೆ ಅಂಕಯ್ಯ ನನಗೊಬ್ಬನಿಗೇ ಕೇಳುವ ಹಾಗೆ, “ಓಗ್ಲಾ, ನಿಮ್ಮವ್ವನ್ ಎಣಕ್ಕೆ ಏಣಿ ಒತ್ತೋನು ನೀನು” ಎಂದ. ಅವನಿಗೆ ಹೇಗೆ ಗೊತ್ತಾಯಿತೋ. ಹಾರೆ ಅಲ್ಲೇ ಬಿದ್ದಿತ್ತು. ನಿಜ ಹೇಳಿದವನನ್ನು ಕೊಂದು ನಾನು ಜೈಲಿಗೆ ಬಂದೆ.

ಸಹಿ ಹಾಕು ಎಂದು ಇನ್ನು ಕೇಳುವುದಿಲ್ಲ.

ಚೇತು


ಹಾರನಹಳ್ಳಿ
27 ಅಕ್ಟೋಬರ್ 2024

ಚೇತು,

ಏಣಿಯ ವಿಷಯ ನನಗೆ ಆಗಸ್ಟ್ 28ರಂದೇ ಗೊತ್ತಿತ್ತು. ಅಪ್ಪ ಅದನ್ನೂ ಹೇಳಿದ್ದ. “ಮಗ ಏಣಿ ತಂದು ಮಡುಗ್ದ ಕಣವ್ವ, ಜಾಣ” ಎಂದಿದ್ದ. ನಿನಗೆ ಬರೆಯುವಾಗ ಆ ಒಂದು ಸಾಲನ್ನು ಬೇಕೆಂದೇ ಬಿಟ್ಟೆ. ನೀನಾಗಿ ಹೇಳುತ್ತೀಯಾ ನೋಡಬೇಕಿತ್ತು. ನೀನು ಅಳಿಸು ಎಂದು ಬರೆದ ದಿನ ಫಾರಂ ಹರಿಯಲು ಹೊರಟಿದ್ದೆ. ಇನ್ನೊಂದೇ ಸಲ ಕೇಳೋಣ ಎಂದು ಕೇಳಿದೆ.

ಅವ್ವ ನಿನ್ನನ್ನು ಕೂಗಿದಳು ಎಂಬುದನ್ನು ಅಪ್ಪ ಹೇಳಿರಲಿಲ್ಲ. ಅದು ಗೊತ್ತಾದದ್ದು ನಿನ್ನಿಂದ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ನನ್ನಿಂದ ಆಗುವುದಿಲ್ಲ, ಆಗುತ್ತದೆ ಎಂದೂ ಅನಿಸುವುದಿಲ್ಲ.

ಲಕ್ಷ್ಮಿದೇವಿಯ ಮುಂದೆ ಸೆರಗು ಸರಿಸಿ ಮೈ ತೋರಿಸಿದೆ. ಅಪ್ಪನ ಬಾಯಿಯನ್ನೂ ತೋರಿಸಿ, ನಾನೇ ಹೊಡೆದದ್ದು ಎಂದೆ. ಅವಳು ಅತ್ತಳು, ಬೈದಳು, ಅದೇ ವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಈಗ ಎರಡು ಮಾತ್ರೆ ಕೊಟ್ಟಿದ್ದಾರೆ, ಕೈ ಎತ್ತುವುದು ಕಡಿಮೆಯಾಗಿದೆ. ಬಣ್ಣ ಕೆಂಪಾಗಿದೆ. ಅವಳು ದಿನ ಬಿಟ್ಟು ದಿನ ಬರುತ್ತಾಳೆ, ನನ್ನನ್ನೂ ಅವನನ್ನೂ ಇಬ್ಬರನ್ನೂ ನೋಡಿಹೋಗುತ್ತಾಳೆ.

ಫಾರಂಗೆ ಸಹಿ ಹಾಕಿ ನಿನ್ನೆ ಠಾಣೆಗೆ ಕೊಟ್ಟೆ. ನಿನ್ನ ಕಾಗದವನ್ನು ಜೈಲಿನವರು ಓದಿರುವುದರಿಂದ ನಿನ್ನನ್ನು ಬಿಡುತ್ತಾರೋ, ಹೊಸ ಕೇಸು ಹಾಕುತ್ತಾರೋ ತಿಳಿಯದು. ಪೊಲೀಸರು ಬಂದು ಕೇಳಿದರೆ ನಾನು ಕೇಳಿದ್ದನ್ನು ಹೇಳುತ್ತೇನೆ, ನಾನು ಮಾಡಿದ್ದನ್ನೂ ಹೇಳುತ್ತೇನೆ. ಬಿಟ್ಟರೆ ಬಾ. ನೀನು ಬಂದ ದಿನವೇ ನಾನು ಕೋಟೆಗೆ ಹೊರಡುತ್ತೇನೆ. ಮನೆಯಲ್ಲಿ ನೀವಿಬ್ಬರೇ ಇರುತ್ತೀರಿ.

ಅವನಿಗೆ ನಿನ್ನ ಗುರುತು ಸಿಗುವುದಿಲ್ಲ. ನನ್ನ ಗುರುತೂ ಹೋಯಿತು, ಅವ್ವನ ಹೆಸರೂ ಹೋಯಿತು. ಈಗ “ಒಬ್ಳು ಎಂಗ್ಸು” ಎನ್ನುತ್ತಾನೆ. ಆದರೆ ಆ ಮಧ್ಯಾಹ್ನ ಹೋಗಿಲ್ಲ. ಬೆಳಿಗ್ಗೆ ಏಳಕ್ಕೆ ಫೋನು ಕೇಳಿದಾಗ ಮೂರು ದಿನಕ್ಕೊಮ್ಮೆಯಾದರೂ ಅದನ್ನೇ ಹೇಳುತ್ತಾನೆ. ಹೇಳಿ ಮುಗಿಸಿ ಪಕ್ಕದಲ್ಲಿ ಕೂತವರ ಕಡೆ ತಿರುಗಿ, “ಆಗ ಯಾರೂ ಬಂದು ಇಡ್ಕಳ್ನಿಲ್ವಾ?” ಎಂದು ಕೇಳುತ್ತಾನೆ. ಕತೆ ಕೇಳಿದವರು ಕೇಳುವ ಹಾಗೆ ಕೇಳುತ್ತಾನೆ. ಉತ್ತರ ಬರುವ ತನಕ ಮುಖ ನೋಡುತ್ತಲೇ ಇರುತ್ತಾನೆ.

ಇಷ್ಟು ದಿನ ನಾನು, ಇಲ್ಲಪ್ಪ, ಯಾರೂ ಬರಲಿಲ್ಲ ಎಂದು ಹೇಳುತ್ತಿದ್ದೆ. ಇನ್ನು ಮೂವತ್ತು ದಿನ ನೀನು ಹೇಳು.

ಯಶೋಧರಾ